ಕೂದಲು ಮಾಲು, ಕಣ್ಣೀರು ಮಾಲು

ಅವಳು ಇಕ್ಕಳದಲ್ಲಿ ನನ್ನನ್ನು ಹಿಡಿದು ಒಂದು ಹಲ್ಲಿನ ತುದಿಯನ್ನು ಮೇಣದಬತ್ತಿಯ ಉರಿಗೆ ತಾಗಿಸಿದಳು. ಹಲ್ಲು ಮೆತ್ತಗಾಗಿ ಒಂದು ಹನಿ ಕೆಳಗೆ ಬಿತ್ತು. ಉರಿ ನೀಲಿಯಾಗಿತ್ತು, ತುದಿಯಲ್ಲಿ ಮಾತ್ರ ಹಳದಿ. ಊದಿ ಆರಿಸಿದಳು. ಎದ್ದ ಹೊಗೆಯ ಎಳೆಗೆ ಮೂಗು ಹಿಡಿದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಹಾಗೇ ಕುಳಿತು, ಮತ್ತೆ ಹಚ್ಚಿ, ಮತ್ತೆ ಆರಿಸಿ, ಮತ್ತೆ ಮೂಸಿದಳು. ಮೂರನೆಯ ಸಲವೂ ಹಾಗೇ ಮಾಡಿದಳು. ಗುಜರಿ ಗೋದಾಮಿನ ಅಂಗಳದಲ್ಲಿ ಆರೇಳು ಹೆಂಗಸರು ತಮ್ಮ ತಮ್ಮ ಗುಡ್ಡೆಯ ಮುಂದೆ ಕುಳಿತಿದ್ದರು.

ವಾಸನೆ ಸಿಕ್ಕ ಮನುಷ್ಯರ ಮುಖ ಎಲ್ಲೋ ಒಂದು ಕಡೆ ಮುದುಡುತ್ತದೆ, ಹುಬ್ಬಿನಲ್ಲಿ ಇಲ್ಲವೇ ತುಟಿಯ ಕೊನೆಯಲ್ಲಿ. ಅವಳ ಮುಖ ತೊಳೆದಿಟ್ಟ ತಾಟಿನಂತೆ ಇದ್ದ ಹಾಗೇ ಇತ್ತು. ಆಮೇಲೆ ಅವಳು ನನ್ನ ಮೈಗೆ ಅಂಟಿದ್ದ ಜಿಡ್ಡನ್ನು ಹೆಬ್ಬೆರಳಿನಿಂದ ಉಜ್ಜಿದಳು. ಪಕ್ಕೆಯಲ್ಲಿ ಉಬ್ಬಿದ ಅಕ್ಷರ ಕಂಡವು: ಪಿ, ಎ, ಆರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಅಷ್ಟು ಓದಬಲ್ಲಳು. ಆ ಗುರುತಿದ್ದರೆ ನೈಲಾನು ಎಂದು ಅವಳಿಗೆ ಗೊತ್ತಿತ್ತು. ಅತ್ತಿತ್ತ ನೋಡಿ, ನನ್ನನ್ನು ಯಾವ ಚೀಲಕ್ಕೂ ಹಾಕದೆ ಓಢಣಿಯ ಅಂಚಿನಲ್ಲಿ ಗಂಟು ಕಟ್ಟಿಕೊಂಡಳು.

ನಾನು ಒಂದು ಗೇರ್. ಅಂಗೈಯಗಲದ ಹಲ್ಲಿನ ಚಕ್ರ, ಹಾಲಿನ ಬಣ್ಣದ್ದು. ನನ್ನ ಮೈ ನೈಲಾನಿನದು. ನೋಡುವವರಿಗೆ ಗಟ್ಟಿ ವಸ್ತು. ಆದರೆ ನನಗೊಂದು ಗುಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಗಾಳಿಯೊಳಗಿನ ನೀರನ್ನು ಕುಡಿಯುತ್ತೇನೆ. ಮಳೆಯ ತೇವ, ಅನ್ನದ ಹಬೆ, ಹತ್ತಿರ ಕುಳಿತವರ ಉಸಿರು, ಎಲ್ಲವೂ ನಿಧಾನವಾಗಿ ನನ್ನೊಳಕ್ಕೆ ಇಳಿಯುತ್ತದೆ. ಇಳಿದದ್ದು ಅಲ್ಲೇ ಉಳಿಯುತ್ತದೆ. ನಾನು ಯಾರ ಮನೆಯಲ್ಲಿದ್ದೆನೋ ಅವರು ಸ್ವಲ್ಪ ಸ್ವಲ್ಪ ನನ್ನೊಳಗೆ ಇರುತ್ತಾರೆ. ಅವರಿಗೆ ಅದು ಗೊತ್ತಿರುವುದಿಲ್ಲ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಮೋಲ್ಡಿಂಗ್ ಕಾರ್ಖಾನೆಯಲ್ಲಿ. ಮೊದಲು ನಾನು ಕಾಳಾಗಿದ್ದೆ, ಸಾಬೂದಾಣಿಯಂಥ ಬಿಳಿ ಕಾಳು. ಹಿಂದಿನ ದಿನ ನೆಲಕ್ಕೆ ಚೆಲ್ಲಿದ ಒಂದು ಹಿಡಿ ಕಾಳಿನ ಮೇಲೆ ಕಾಲಿಟ್ಟು ಒಬ್ಬ ಜಾರಿ ಬಿದ್ದಿದ್ದನಂತೆ. ಹಾಗಾಗಿ ಎಲ್ಲರೂ ನಮ್ಮನ್ನು ಹೆದರಿ ಹೆದರಿ ಸುರಿದರು. ತಟ್ಟೆಗಳಲ್ಲಿ ಹರಡಿ ಬಿಸಿ ಪೆಟ್ಟಿಗೆಯಲ್ಲಿ ನಾಲ್ಕು ತಾಸು ಒಣಗಿಸಿದರು. ಆಮೇಲೆ ಒಂದು ಕಬ್ಬಿಣದ ಕೊಳವೆ, ಬ್ಯಾರಲ್ಲು. ಅದರೊಳಗೆ ಕತ್ತಲೆ, ತಿರುಗುವ ತಿರುಪು, ತಾಳಲಾಗದ ಕಾವು. ಕರಗಿ ಒಂದಾದೆವು. ಮುಂದೆ ತಣ್ಣನೆಯ ಎರಡು ಉಕ್ಕಿನ ಅಂಗೈಗಳು ಮುಚ್ಚಿಕೊಂಡವು, ಬಿಚ್ಚಿಕೊಂಡವು, ಹಿಂದಿನಿಂದ ನಾಲ್ಕು ಮೊಳೆಗಳು ಬೆನ್ನಿಗೆ ತಿವಿದು ನನ್ನನ್ನು ಹೊರಕ್ಕೆ ದೂಡಿದವು. ಬುಟ್ಟಿಯಲ್ಲಿ ನೋಡಿದರೆ ನನ್ನಂಥವೇ ಇನ್ನೂರು. ಒಂದೇ ಮುಖ, ಒಂದೇ ಹಲ್ಲು.

ಹೊಸದಾಗಿ ಹುಟ್ಟಿದ ನೈಲಾನು ಒಣಗಿರುತ್ತದೆ. ಒಣಗಿದಾಗ ನಾವು ಬಿರುಸು. ಕಲ್ಲಿನ ಮೇಲೆ ಬಿದ್ದರೆ 'ಟಕ್' ಎನ್ನುತ್ತೇವೆ, ಪೆಟ್ಟು ಬಿದ್ದರೆ ಸೀಳುತ್ತೇವೆ. ಅದಕ್ಕೇ ಅಲ್ಲಿಯ ಹೆಂಗಸು ನಮ್ಮನ್ನೆಲ್ಲ ಬೆಚ್ಚನೆಯ ನೀರಿನ ತೊಟ್ಟಿಗೆ ಹಾಕಿದಳು. ಕುಡಿದೆವು. ಕುಡಿದ ಮೇಲೆ ಮೈ ಮಣಿಯಿತು, ದನಿ 'ಥಪ್' ಎಂದು ಮೆತ್ತಗಾಯಿತು. ಈ ಎರಡು ದನಿಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದೆಲ್ಲ ಇವುಗಳಿಂದಲೇ.

ಮೊದಲ ಮನೆ ಬನಹಟ್ಟಿಯ ಗುರುಸಿದ್ದಪ್ಪನದು. ಅವನ ವಿದ್ಯುತ್ ಮಗ್ಗದಲ್ಲಿ ಕಬ್ಬಿಣದ ಗೇರು ವರ್ಷಗಟ್ಟಲೆ ಕಿರುಚುತ್ತಿತ್ತು, ಎಣ್ಣೆ ಕೇಳುತ್ತಿತ್ತು, ಎಣ್ಣೆ ಸೀರೆಯ ಮೇಲೆ ಸಿಡಿಯುತ್ತಿತ್ತು. ಅದನ್ನು ತೆಗೆದು ನನ್ನನ್ನು ಕೂರಿಸಿದ. ನನಗೆ ಎಣ್ಣೆ ಬೇಡ. ಕಿರುಚುವುದು ನಿಂತಿತು. ಒಂದು ದನಿ ಕಡಿಮೆಯಾದ ಆ ಮನೆಯಲ್ಲಿ ಗುರುಸಿದ್ದಪ್ಪನ ಹೆಂಡತಿ ಬಾಳವ್ವ ಎರಡು ದಿನ ಯಾರನ್ನೋ ಕಳೆದುಕೊಂಡವರಂತೆ ತಿರುಗಾಡಿದಳು. "ಮನ್ಯಾಗ ಯಾರೋ ಸುಮ್ಮನ ಕುಂತಂಗ ಅನಸ್ತೈತ್ರಿ," ಎಂದಳು. ಗುರುಸಿದ್ದಪ್ಪ ನಕ್ಕ. ಅವಳು ಹೇಳಿದ್ದು ನಿಜ, ಕುಳಿತಿದ್ದವಳು ನಾನೇ. ಮಳೆಗಾಲದಲ್ಲಿ ನಾನು ಕುಡಿದು ಉಬ್ಬುತ್ತಿದ್ದೆ, ಮಗ್ಗ ಬಿಗಿಯುತ್ತಿತ್ತು. ಪಕ್ಕದ ಗೇರಿಗೂ ನನಗೂ ನಡುವೆ ಹಾಳೆಯಷ್ಟು ಸಂದು ಬಿಡಬೇಕೆಂದು ಅವನು ಎರಡನೆಯ ಮಳೆಗಾಲದಲ್ಲಿ ಕಲಿತ. ಅವನ ಒಣಕೆಮ್ಮನ್ನು ಒಂಬತ್ತು ವರ್ಷ ಕುಡಿದೆ.

ಮಗ್ಗ ಹೋದ ಮೇಲೆ ಹುಬ್ಬಳ್ಳಿಯ ಲೇತ್‌ನವನೊಬ್ಬ ನನ್ನ ನಡುವಿನ ತೂತನ್ನು ದೊಡ್ಡದು ಮಾಡಿದ. ಕಬ್ಬಿಣದಂತೆ ನಾನು ಪುಡಿಯಾಗಿ ಉದುರುವುದಿಲ್ಲ, ಉದ್ದನೆಯ ದಾರವಾಗಿ ಸುತ್ತಿಕೊಳ್ಳುತ್ತೇನೆ. ಅವನು ಆ ದಾರವನ್ನು ಎಂದೂ ಕೈಯಿಂದ ಎಳೆಯಲಿಲ್ಲ. ಮೊದಲು ಮಷಿನ್ ನಿಲ್ಲಿಸಿ, ಕೊಕ್ಕೆಯಿಂದ ತೆಗೆದ. ಎಳೆದವನೊಬ್ಬನ ಬೆರಳು ಅವನಿಗೆ ನೆನಪಿತ್ತು. ಅಲ್ಲಿಂದ ಒಂದು ಖಾರದ ಗಿರಣಿಗೆ ಹೋದೆ. ಬ್ಯಾಡಗಿ ಮೆಣಸಿನಕಾಯಿ ಹಲ್ಲುಗಳ ನಡುವೆ ಕೆಂಪಗೆ ಇಳಿಯಿತು. ಗಿರಣಿಗೆ ಬಂದವರೆಲ್ಲ ಸೀನಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ನೀರನ್ನೂ ಕುಡಿದೆ. ಕೊನೆಗೆ ನನ್ನ ಹಲ್ಲು ಸವೆದವು. ಹೀಗೆ ನಾನು ಹುಬ್ಬಳ್ಳಿಯ ಹೊರಗಿನ ಆ ಗುಜರಿ ಗೋದಾಮಿಗೆ ಬಂದೆ, ಅವಳ ಓಢಣಿಯ ಗಂಟಿಗೆ ಬಂದೆ.

ಅವಳ ಹೆಸರು ಫಕೀರವ್ವ. ವಯಸ್ಸು ಹತ್ತೊಂಬತ್ತು. ಯಾರಾದರೂ ಎದುರು ನಿಂತರೆ ಅವರ ಕಾಲ್ಬೆರಳನ್ನು ನೋಡಿ ಮಾತಾಡುವ ಹುಡುಗಿ. ಆದರೆ ಗೋದಾಮಿನಲ್ಲಿ ಅವಳಿಗೊಂದು ಜಾಗವಿತ್ತು, ಬೇವಿನ ಮರದ ಕೆಳಗೆ, ಗೋಣಿತಟ್ಟಿನ ಮೇಲೆ. ಅದು ಮೂಸುವವರ ಜಾಗ. ಉಳಿದವರು ಮುಂದಿನ ಹಸಿ ಕಸದ ಗುಡ್ಡೆಯಲ್ಲಿ ಕೈಯಾಡಿಸುತ್ತಿದ್ದರು. ಇವಳನ್ನು ಆ ಜಾಗಕ್ಕೆ ತಂದವಳು ಮಾಬೂಬಿ. ಮೂವತ್ತು ವರ್ಷ ಹೊಗೆ ಮೂಸಿ ಎದೆ ಹಾಳು ಮಾಡಿಕೊಂಡ ಮುದುಕಿ. ಕೆಮ್ಮಿನ ನಡುವೆ ಅವಳು ಕಲಿಸಿದ ಪಾಠ ಒಂದೇ.

"ಕೂದಲಾ ಸುಟ್ಟಂಗ ಬಂದ್ರ ಅದು ಕೂದಲು ಮಾಲು, ಈ ಚೀಲ. ಮೂಗಿಗೆ ಚುಚ್ಚಿ ಕಣ್ಣಾಗ ನೀರು ತಂದ್ರ ಅದು ಕಣ್ಣೀರು ಮಾಲು, ಆ ಚೀಲ. ಎರಡೂ ಅಕ್ಕ ತಂಗಿ ಇದ್ದಂಗ ಕಾಣತಾವು, ಬೆಳ್ಳಗ, ನುಣ್ಣಗ. ಕೂಡಸಬ್ಯಾಡ. ಕೂಡಿದ್ರ ಮಷಿನ್ನಿನ ಹೊಟ್ಟಿ ಒಡಿತೈತಿ."

ಕೂದಲು ಮಾಲು ಎಂದರೆ ನಾನು, ನೈಲಾನು. ಕಣ್ಣೀರು ಮಾಲು ಎಂದರೆ ಅಸಿಟಾಲ್, ಬೇರೆ ಕುಲದ ಪ್ಲಾಸ್ಟಿಕ್ಕು. ನನ್ನನ್ನು ಕರಗಿಸುವ ಕಾವನ್ನು ಅದು ತಾಳುವುದಿಲ್ಲ. ಬ್ಯಾರಲ್ಲಿನೊಳಗೆ ಅದು ಕರಗಿ ಸುಮ್ಮನಿರುವುದಿಲ್ಲ, ಗಾಳಿಯಾಗುತ್ತದೆ. ಗಾಳಿಗೆ ದಾರಿ ಬೇಕು. ದಾರಿ ಇಲ್ಲದಿದ್ದರೆ ಕುದಿಯುವ ಮಾಲನ್ನೂ ಜೊತೆಗೆ ಎತ್ತಿಕೊಂಡು ಮಷಿನ್ನಿನ ಬಾಯಿಂದ ಹೊರಬೀಳುತ್ತದೆ. ಆ ಬಾಯಿಯ ಮುಂದೆ ಯಾರಾದರೂ ನಿಂತಿರುತ್ತಾರೆ.

ಫಕೀರವ್ವ ಆರಿಸಿದ ನೈಲಾನಿನ ಚೀಲಗಳು ಹೋಗುತ್ತಿದ್ದುದು ಹಿಂದಿನ ಓಣಿಯ ಮೋಲ್ಡಿಂಗ್ ಶೆಡ್ಡಿಗೆ. ಅಲ್ಲಿ ಆ ಬಾಯಿಯ ಮುಂದೆ ನಿಲ್ಲುತ್ತಿದ್ದವಳು ಅವಳ ಸ್ವಂತ ಅಕ್ಕ, ಕಾಶವ್ವ.

ಮತ್ತು ಫಕೀರವ್ವನ ಮೂಗು ಸತ್ತು ಹದಿನೈದು ದಿನವಾಗಿತ್ತು. ಎಂಟು ದಿನದ ಜ್ವರ ಬಂದು ಇಳಿದಾಗ ವಾಸನೆಯೂ ಅದರ ಹಿಂದೆಯೇ ಹೋಗಿತ್ತು. ಹೇಳಿದರೆ ಬೇವಿನಡಿಯ ಜಾಗ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿದ್ದಳು. ಅಲ್ಲಿಯವರೆಗೆ ಗುರುತಿದ್ದ ಮಾಲನ್ನಷ್ಟೇ ಚೀಲಕ್ಕೆ ಹಾಕಿ, ಗುರುತಿಲ್ಲದ್ದನ್ನು ಗೋಣಿಯ ಕೆಳಗೆ ಬಚ್ಚಿಡುತ್ತಿದ್ದಳು. ಗೋಣಿಯ ಕೆಳಗೆ ಜಾಗ ಮುಗಿಯುತ್ತ ಬಂದಿತ್ತು.

ಅವತ್ತು ಅವಳು ನನ್ನನ್ನು ಮನೆಗೆ ಒಯ್ದಳು. ಸಾಲುಮನೆಗಳ ಚಾಳಿನಲ್ಲಿ ಒಂದೇ ಕೋಣೆ. ಒಂದು ಮೂಲೆಯಲ್ಲಿ ನೀರಿನ ಕೊಡ, ಇನ್ನೊಂದರಲ್ಲಿ ಕಟ್ಟಿಗೆಯ ಒಲೆ. ಸಿಲಿಂಡರ್ ಇತ್ತು, ಆದರೆ ರೊಟ್ಟಿಗೆ ಒಲೆಯೇ ಆಗಬೇಕೆಂದು ಕಾಶವ್ವನ ಹಟ. ಅಕ್ಕತಂಗಿಯರು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಕಾಶವ್ವ ಏಳು ವರ್ಷ ದೊಡ್ಡವಳು. ತಂಗಿ ಮಾತಾಡದಷ್ಟನ್ನೂ ಸೇರಿಸಿ ಅವಳೇ ಮಾತಾಡುತ್ತಿದ್ದಳು.

"ಯವ್ವಾ, ಈ ರೊಟ್ಟಿ ಇದ್ದಲಿ ಆಗೇತಿ. ಒಲಿ ಮುಂದ ಕುಂತು ಸುಟ್ಟ ವಾಸ್ನಿ ಬರಲಿಲ್ಲೇನ್ ನಿನಗ? ಮೂಗು ಎಲ್ಲಿ ಅಡವಿಟ್ಟು ಬಂದಿ?"

"ನೆಗಡಿ ಆಗೇತಿ."

"ಹದಿನೈದು ದಿನಾತು ನಿನ್ನ ನೆಗಡಿಗೆ. ಅದಕ್ಕೂ ನಿನ್ನ ಬಿಟ್ಟು ಹೋಗಾಕ ಮನಸಿಲ್ಲ ನೋಡು."

ಫಕೀರವ್ವ ಬಾಯಿ ತೆರೆದಳು. ಆಮೇಲೆ ಅವಳು ಕರಿ ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡಳು.

ಅಕ್ಕ ಮಲಗಿದ ಮೇಲೆ ನನ್ನನ್ನು ತೆಗೆದು ನೆಲದ ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟಳು. ಥಪ್. ಬಚ್ಚಿಟ್ಟು ತಂದಿದ್ದ ಬೇರೊಂದು ತುಂಡನ್ನು ಬೀಳಿಸಿದಳು. ಟಕ್. ಮತ್ತೆ ನಾನು, ಮತ್ತೆ ಅದು. ಅವಳ ಮುಖದಲ್ಲಿ ಏನೋ ಹರಡಿತು. ಮೂಗು ಹೋದರೆ ಹೋಗಲಿ, ಕಿವಿ ಇದೆ. ನನ್ನಂತೆ ಇಲ್ಲವೇ ನನಗಿಂತ ಮೆತ್ತಗೆ ಸದ್ದು ಮಾಡಿದ್ದು ಕೂದಲು ಮಾಲು. ನನಗಿಂತ ಚುರುಕಾಗಿ ಸದ್ದು ಮಾಡಿದ್ದು ಕಣ್ಣೀರು ಮಾಲು. ಅವತ್ತಿನಿಂದ ನಾನು ಅವಳ ಒರೆಗಲ್ಲಾದೆ.

ಒಂದು ವಾರ ಅವಳು ಒಂದೂ ತಪ್ಪು ಮಾಡಲಿಲ್ಲ. ಮೇಣದಬತ್ತಿ ಹಚ್ಚುವುದು, ಮೂಸುವುದು ಎಲ್ಲ ನೋಡುವವರಿಗಾಗಿ. ನಿಜವಾಗಿ ಅವಳು ಕೇಳುತ್ತಿದ್ದಳು. ಮಾಬೂಬಿ ಒಮ್ಮೆ ಹತ್ತಿರ ಬಂದು, "ಎಲ್ಲಾ ಕಲ್ಲಿಗೆ ಯಾಕ ಕುಕ್ಕತಿ? ಹಲ್ಲು ಮುರಿಯೂ ಹರಕಿ ಏನರ ಹೊತ್ತೀಯೇನ್?" ಎಂದು ಕೇಳಿದಳು. ಫಕೀರವ್ವ ಅವಳ ಕಾಲ್ಬೆರಳು ನೋಡಿ ನಕ್ಕಳು.

ಒಂದು ಸಂಜೆ ಕಾಶವ್ವ ಕೈ ತೊಳೆಯುತ್ತ ಕೆಲಸದ ಮಾತು ತೆಗೆದಳು. "ನೈಲಾನ್ ಅಂದ್ರ ನಮ್ಮ ಕುಡುಕ ಮಾವ ಇದ್ದಂಗ. ಎಲ್ಲಿ ಕುಂದರಸ್ತಿ ಅಲ್ಲೇ ಕುಡಿತಾನ. ಇವತ್ತ ಒಂದ್ ತಟ್ಟಿ ಸರಿ ಒಣಗಿರಲಿಲ್ಲ, ಮಷಿನ್ ಬಾಯಾಗ ಬುಳುಬುಳು ಉಗುಳಿತು, ಗೇರಿನ ಮೈ ತುಂಬ ನರೆತ ಕೂದಲದಂಗ ಗೆರಿ. ಒಣಗಿದ್ರ ಮಾತ್ರ ಅದು ಖರೆ ನೈಲಾನ್. ತೇವ ಹಿಡಿದ್ರ ಸುಳ್ಳ."

ಅವಳು ಹೇಳಿದ್ದು ಕರಗಿಸುವವರ ಮಾತು. ಕೇಳಿದವಳು ಆರಿಸುವವಳು. ಫಕೀರವ್ವ ಗಂಟಿನ ಮೇಲೆ ಕೈಯಿಟ್ಟುಕೊಂಡಳು. ತನ್ನ ಒರೆಗಲ್ಲು ಕುಡಿದು ಸುಳ್ಳಾಗಿಬಿಟ್ಟರೆ? ಅಂದಿನಿಂದ ಅವಳು ನನ್ನನ್ನು ಕಾಯತೊಡಗಿದಳು. ಹಗಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮನೆಗೆ ಬಂದರೆ ಒಲೆಯ ಹಿಂದಿನ ಬೆಚ್ಚನೆಯ ಗೂಡಿನಲ್ಲಿ.

ಆ ಗೂಡಿನಲ್ಲಿ ನನಗೆ ಏನಾಯಿತೆಂದು ಹೇಳುವುದು ಕಷ್ಟ. ನೋವಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಮೊದಲು ಗಿರಣಿಯವರು, ಅವರ ಸೀನು, ಅವರ ಕಣ್ಣೀರು. ನಾಲ್ಕನೆಯ ದಿನ ಬಾಳವ್ವ. ಅವಳು ಹೋಗುವಾಗ ಗೂಡಿನ ಗೋಡೆಯ ಮೇಲೆ ಒಂದು ತೇವದ ಕಲೆ ಮೂಡಿ, ನೋಡುತ್ತಿದ್ದಂತೆ ಮಾಯವಾಯಿತು. ಗುರುಸಿದ್ದಪ್ಪನ ಕೆಮ್ಮು ಎಲ್ಲರಿಗಿಂತ ಕೊನೆಗೆ ಹೋಯಿತು. ನನ್ನೊಳಗೆ ಖಾಲಿ ಕೋಣೆಗಳು ಉಳಿದವು. ಅಲ್ಲಿ ಯಾರಿದ್ದರೆಂಬುದು ಗೊತ್ತಿತ್ತು, ಅವರ ಮುಖ ಗೊತ್ತಿರಲಿಲ್ಲ. ಮೈ ಬಿಗಿಯಿತು. ದನಿ ದಿನಕ್ಕೆ ಒಂದೊಂದು ಕೂದಲೆಳೆಯಷ್ಟು ಬದಲಾಯಿತು, ದಿನವೂ ಕೇಳುವವಳಿಗೆ ತಿಳಿಯದಷ್ಟು. ಮೂರು ವಾರಕ್ಕೆ ನಾನು ಕಲ್ಲಿನ ಮೇಲೆ ಬಿದ್ದಾಗ ಟಕ್ ಎಂದೆ. ಅದು ನನಗೆ ಕೇಳಿಸಿತು. ಹೇಳಲು ನನಗೆ ಆ ದನಿಯ ಹೊರತು ಬೇರೆ ಬಾಯಿ ಇರಲಿಲ್ಲ.

ಆ ಶನಿವಾರ ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಒಂದು ಚೀಲ ಬಿಳಿ ಗೇರು ಬಂತು. ಒಂದರ ಮೇಲೂ ಗುರುತಿಲ್ಲ. ಫಕೀರವ್ವ ಬೇವಿನ ಮರದಡಿ ಕುಳಿತು ನನ್ನನ್ನು ಬೀಳಿಸಿದಳು. ಟಕ್. ಅವುಗಳಲ್ಲೊಂದನ್ನು ಬೀಳಿಸಿದಳು. ಟಕ್. ಇನ್ನೊಂದು, ಮತ್ತೊಂದು. ಎಲ್ಲವೂ ನನ್ನ ಹಾಗೇ. ಅವಳಿಗೆ ಸಮಾಧಾನವಾಯಿತು. ಪೂರಾ ಚೀಲ ಕೂದಲು ಮಾಲು.

ನೋಡುವವರಿಗಾಗಿ ಒಂದಕ್ಕೆ ಉರಿ ತಾಗಿಸಿದಳು. ನಡು ಮಧ್ಯಾಹ್ನದ ಬಿಸಿಲು. ಉರಿ ಹತ್ತಿತೋ ಇಲ್ಲವೋ ಅವಳಿಗೆ ಕಾಣಲಿಲ್ಲ. ಕಣ್ಣೀರು ಮಾಲಿನ ಉರಿ ಹಗಲಿನಲ್ಲಿ ಕಾಣುವುದಿಲ್ಲ, ಬಣ್ಣವಿಲ್ಲದ ಉರಿ ಅದು. ಹತ್ತಿಲ್ಲವೆಂದು ಬೆರಳು ಚಾಚಿದಳು, ಬೆರಳು ಸುಟ್ಟಿತು. ಕೊಡವಿ ಬಾಯಿಗಿಟ್ಟುಕೊಂಡಳು. ಆಮೇಲೆ ಹೊಗೆಗೆ ಮೂಗು ಹಿಡಿದಳು. ಏನೂ ಬರಲಿಲ್ಲ. ಆದರೆ ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

ಆ ದಿನಗಳಲ್ಲಿ ಅವಳಿಗೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಇದೂ ಅದೇ ಎಂದುಕೊಂಡಳು.

ದೂರದಿಂದ ಮಾಬೂಬಿ ನೋಡಿದಳು. "ಯಾಕವ್ವಾ, ಅಳಾಕತ್ತೀಯೇನ?"

"ಏನಿಲ್ಲಮ್ಮ."

ಹರೆಯದ ಹುಡುಗಿಯ ಕಣ್ಣೀರಿಗೆ ಹೆಚ್ಚು ಕೇಳಬಾರದೆಂದು ಮುದುಕಿ ಮುಖ ತಿರುಗಿಸಿದಳು. ಮೂವತ್ತು ವರ್ಷ ಆ ಮಾಲನ್ನು ಅದೇ ಹೆಸರಿನಿಂದ ಕರೆದವಳು.

ಚೀಲ ಕಟ್ಟುವವರೆಗೆ ಫಕೀರವ್ವ ನನ್ನನ್ನು ಆ ಗೇರುಗಳ ಮೇಲೆಯೇ ಇಟ್ಟಿದ್ದಳು. ಆಗ ನಾನು ಅವುಗಳನ್ನು ಮುಟ್ಟಿದೆ. ನನ್ನ ಕುಲದವಲ್ಲ. ಅವುಗಳೊಳಗೆ ಏನೂ ಇರಲಿಲ್ಲ. ಎಷ್ಟೋ ವರ್ಷ ಮನುಷ್ಯರ ನಡುವೆ ತಿರುಗಿಯೂ ಯಾರ ಉಸಿರನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ತಣ್ಣಗೆ, ನುಣ್ಣಗೆ, ಒಂದರ ಮೇಲೊಂದು ಮಲಗಿದ್ದವು. ನಾನೂ ಆಗ ಖಾಲಿಯಾಗಿದ್ದೆ. ಒಂದು ಗಳಿಗೆ ನನಗೂ ನಾನು ಅವರವಳೇ ಅನ್ನಿಸಿತು. ಆಮೇಲೆ ಅವಳು ನನ್ನನ್ನು ಎತ್ತಿ ಡಬ್ಬಿಗೆ ಹಾಕಿದಳು. ಹೊರಗೆ ಕತ್ತರಿಸುವ ಮಷಿನ್ ಶುರುವಾದ ಸದ್ದು ಕೇಳಿಸಿತು. ಅವು ಚೂರಾಗಿ ನಿಜವಾದ ನೈಲಾನಿನ ಚೂರುಗಳ ಜೊತೆ ಕಲೆತವು. ಇನ್ನು ಯಾವ ಕಣ್ಣೂ, ಯಾವ ಕಿವಿಯೂ ಅವುಗಳನ್ನು ಬೇರೆ ಮಾಡಲಾರದು.

ಸೋಮವಾರ ಬೆಳಿಗ್ಗೆ ಕಾಶವ್ವ ಆರಕ್ಕೇ ಶೆಡ್ಡಿಗೆ ಹೋಗಿದ್ದಳು. ಫಕೀರವ್ವ ಒಲೆಯ ಮುಂದೆ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ನೀರು ಬಂತು, ತೋಳಿನಿಂದ ಒರೆಸಿಕೊಂಡಳು. ಮತ್ತೆ ಬಂತು. ಒರೆಸಿಕೊಳ್ಳಲು ಹೋದ ತೋಳು ಅರ್ಧಕ್ಕೇ ನಿಂತಿತು. ಉಳ್ಳಾಗಡ್ಡಿಯ ವಾಸನೆ ಅವಳಿಗೆ ಬರುತ್ತಿರಲಿಲ್ಲ, ಆದರೂ ಕಣ್ಣಿಗೆ ಗೊತ್ತಾಗುತ್ತಿತ್ತು. ಶನಿವಾರ ಮಧ್ಯಾಹ್ನ ಅವಳಿಗೆ ದುಃಖವಿರಲಿಲ್ಲ. ಚೀಲ ಪೂರಾ ಒಳ್ಳೆಯದು ಬಂತೆಂದು ಖುಷಿಯಲ್ಲಿದ್ದಳು.

ಗೂಡಿಗೆ ಕೈ ಹಾಕಿ ನನ್ನನ್ನು ತೆಗೆದಳು. ನೆಲಕ್ಕೆ ಬೀಳಿಸಿದಳು. ಟಕ್.

"ಇದು ಮೊದಲ ಹಿಂಗ ಅಂತಿರಲಿಲ್ಲ," ಎಂದಳು. ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಅಲ್ಲಿಯವರೆಗೆ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

ನನ್ನನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು. ಅವಳ ಬೆವರು ನನ್ನ ಒಣ ಮೈಗೆ ತಾಗಿತು, ನಾಚಿಕೆಯಿಲ್ಲದೆ ಕುಡಿದೆ. ಶೆಡ್ಡಿನ ಬಾಗಿಲಲ್ಲಿ ನಿಂತು, "ಅಕ್ಕಾ," ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ನಾಲ್ಕು ಹೆಂಗಸರು ಕೆಳಗೆ ಕುಳಿತು ಗೇರಿನ ಅಂಚು ಕೆರೆಯುತ್ತಿದ್ದರು. ಒಬ್ಬಳು ಕಣ್ಣುಜ್ಜುತ್ತ, "ಯಾಕೋ ಮಾರಾಯ್ತಿ, ಇವತ್ತ ಗಾಳ್ಯಾಗ ಖಾರ ಬಿದ್ದೈತಿ," ಎನ್ನುತ್ತಿದ್ದಳು. ಮಷಿನ್ನಿನ ಬಾಯಲ್ಲಿ ಸಣ್ಣಗೆ ಚಟಪಟ ಸದ್ದು. ಕಾಶವ್ವ ಅದರ ಮುಂದೆ ಬಗ್ಗಿ ನೋಡುತ್ತಿದ್ದಳು.

ಫಕೀರವ್ವ ಒಳಗೆ ನಡೆದು ಅಕ್ಕನ ರಟ್ಟೆ ಹಿಡಿದು ಜಗ್ಗಿದಳು. "ಅಕ್ಕಾ, ಆ ಚೀಲ ನಾನು ತಪ್ಪು ಆರಿಸೀನಿ. ಕಣ್ಣೀರು ಮಾಲು ಐತಿ ಅದ್ರಾಗ."

ಕಾಶವ್ವ ತಂಗಿಯ ಮುಖವನ್ನು ಒಂದೇ ಸಲ ನೋಡಿದಳು. ಹೇಗೆ, ಯಾಕೆ ಎಂದು ಕೇಳಲಿಲ್ಲ. "ಎಲ್ಲಾರೂ ಹೊರಗ ನಡೀರಿ. ಬಾಗಲಾ ತೆಗದ ಇಡ್ರಿ. ಬಾಯಿ ಮುಂದ ಯಾರೂ ಹಾಯಬ್ಯಾಡ್ರಿ." ಹೆಂಗಸರು ಎದ್ದರು. ಕಾಶವ್ವ ಪಕ್ಕಕ್ಕೆ ಸರಿದು ಹೀಟರಿನ ಗುಂಡಿ ಆರಿಸಿದಳು, ಬ್ಯಾರಲ್ಲನ್ನು ಅಚ್ಚಿನಿಂದ ಹಿಂದಕ್ಕೆ ಸರಿಸಿದಳು. ಉದ್ದ ಕೈಗವಸು ಗೋಡೆಯ ಮೊಳೆಯಲ್ಲಿತ್ತು. ಅದನ್ನು ಹಾಕಿಕೊಳ್ಳಲು ವೇಳೆ ಇರಲಿಲ್ಲ. ತಂಗಿ ಇನ್ನೂ ಅಲ್ಲೇ ನಿಂತದ್ದು ಕಂಡು ಅವಳನ್ನು ದೂಡಲು ಕೈ ಚಾಚಿದಳು. ಆ ಚಾಚಿದ ಕೈ ಮಷಿನ್ನಿನ ಬಾಯಿಯ ಮುಂದೆ ಹಾಯಿತು.

ಸದ್ದು ದೊಡ್ಡದೇನಲ್ಲ. ಯಾರೋ ಜೋರಾಗಿ ಉಗುಳಿದ ಹಾಗೆ.

ಮುಂಗೈಯಿಂದ ಮೊಣಕೈವರೆಗೆ ಬಿಳಿಯ ಕುದಿಮಾಲು ಅಂಟಿಕೊಂಡಿತು. ಅದರಲ್ಲಿ ಅರ್ಧ ನನ್ನ ಕುಲದವರೇ. ಕರಗಿದ ನೈಲಾನು ಎಣ್ಣೆಯಂತೆ ಜಾರಿ ಹೋಗುವುದಿಲ್ಲ, ಹಿಡಿದುಕೊಳ್ಳುತ್ತದೆ. ಹೊರಗಿನ ನಳದ ಹತ್ತಿರ ಫಕೀರವ್ವ ಅದನ್ನು ಕೀಳಲು ಕೈ ಹಾಕಿದಳು.

"ಕೀಳಬ್ಯಾಡ," ಎಂದಳು ಕಾಶವ್ವ. ಹಲ್ಲು ಕಚ್ಚಿದ್ದರೂ ದನಿ ನೆಟ್ಟಗಿತ್ತು. "ಚರ್ಮಾನೂ ಬರ್ತೈತಿ. ನೀರು ಬಿಡ. ಬಿಡ್ತಾನ ಇರು. ತೆಗಿಯೂದು ದವಾಖಾನ್ಯಾಗ."

ನೀರು ಸುರಿಯಿತು. ಯಾರೋ ರಿಕ್ಷಾ ತರಲು ಓಡಿದರು. ಒದ್ದೆ ನೆಲದ ಮೇಲೆ, ಅವಳ ಕೈಯಿಂದ ಜಾರಿ ನಾನು ಬಿದ್ದಿದ್ದೆ. ಅಲ್ಲಿಂದ ಎರಡು ಜೊತೆ ಪಾದ ಕಾಣುತ್ತಿದ್ದವು.

"ಅಕ್ಕಾ, ಜ್ವರ ಬಂದಾಗಿಂದ ನನಗ ವಾಸ್ನಿ ಬರೂದಿಲ್ಲ."

"ಎಷ್ಟ ದಿನಾತು?"

"ಒಂದೂವರಿ ತಿಂಗಳಾತು."

ನೀರು ಸುರಿಯುತ್ತಲೇ ಇತ್ತು. "ದಿನಾ ನನ್ನ ಜೋಡಿ ಒಂದ ತಾಟಿನ್ಯಾಗ ಉಂಡೀದಿ," ಎಂದಳು ಕಾಶವ್ವ.

ಅವತ್ತಿನಿಂದ ಅವಳು ತಂಗಿಯ ಜೊತೆ ಮಾತಾಡಿಲ್ಲ.

ಗೋದಾಮಿನಲ್ಲಿ ಫಕೀರವ್ವ ತಾನೇ ಹೋಗಿ ಎಲ್ಲ ಹೇಳಿದಳು. ಮಾಲಕ ತಲೆ ಕೆರೆದುಕೊಂಡು, "ಮೊದಲ ಹೇಳಿದ್ರ ಏನಾಗ್ತಿತ್ತು?" ಎಂದನಂತೆ. ಅಷ್ಟೇ. ಮಾಬೂಬಿ ಒಂದು ಡ್ರಮ್ಮಿಗೆ ನೀರು ತುಂಬಿಸಿ, ಕರಗುವಷ್ಟು ಉಪ್ಪು ಸುರಿದಳಂತೆ. ಕೂದಲು ಮಾಲು ತೇಲುತ್ತದೆ, ಕಣ್ಣೀರು ಮಾಲು ಮುಳುಗುತ್ತದೆ. "ನಮ್ಮತ್ತಿ ಕಾಲದಾಗ ಹಿಂಗ ಮಾಡತಿದ್ದಿವಿ. ನೀರು ಹೊರೂ ಬ್ಯಾಸರಕ್ಕ ಬಿಟ್ವಿ. ಉಪ್ಪಿಗೆ ಮೂಗು ಬ್ಯಾಡ ನೋಡು," ಎಂದಳಂತೆ. ಯಾವ ಜಾಗ ಹೋಗುತ್ತದೆಂದು ಫಕೀರವ್ವ ಬಾಯಿ ಮುಚ್ಚಿಕೊಂಡಿದ್ದಳೋ ಆ ಜಾಗ ಹೋಗಲಿಲ್ಲ. ಬೇವಿನ ಮರದಡಿ ಅವಳೇ ಡ್ರಮ್ಮಿನ ಮುಂದೆ ಕೂರುತ್ತಾಳೆ. ಇದನ್ನೆಲ್ಲ ಅವಳು ಮನೆಯಲ್ಲಿ, ಅಕ್ಕನ ಬೆನ್ನಿಗೆ ಹೇಳಿದಳು. ನಾನು ಕೇಳಿದ್ದು ಹಾಗೆ.

ನನ್ನ ಕೆಲಸ ಮುಗಿಯಿತು. ಸುಟ್ಟ ಹಲ್ಲಿನ ಬುಡದಲ್ಲಿ ಬಿರುಕು ಬಿಟ್ಟಿದೆ. ಅವಳು ನನ್ನನ್ನು ಗುಜರಿಗೂ ಹಾಕಲಿಲ್ಲ, ಗೂಡಿಗೂ ಇಡಲಿಲ್ಲ. ನೀರಿನ ಕೊಡದ ಹಿಂದೆ, ತೇವದ ನೆಲದ ಮೇಲೆ ಬಿಟ್ಟಿದ್ದಾಳೆ. ಮತ್ತೆ ಕುಡಿಯುತ್ತಿದ್ದೇನೆ. ಖಾಲಿ ಕೋಣೆಗಳು ತುಂಬುತ್ತಿವೆ, ಆದರೆ ಹಳಬರಿಂದಲ್ಲ. ಈ ಇಬ್ಬರಿಂದ. ಮಾತಾಡುವವಳ ಉಸಿರು, ಮಾತಾಡದವಳ ಉಸಿರು. ಈಗ ಮಾತಾಡುವವಳು ತಂಗಿ. ಎರಡರ ತೂಕವೂ ಒಂದೇ. ನನ್ನೊಳಗೆ ಅವರು ಅಕ್ಕಪಕ್ಕ ಕೂರುತ್ತಾರೆ, ಒಂದೇ ತೇವವಾಗಿ. ಯಾರದು ಯಾವುದೆಂದು ನಾನೂ ಬಿಡಿಸಲಾರೆ. ಹೊರಗೆ ಒಂದೇ ಕೋಣೆಯಲ್ಲಿ ಎರಡು ತಾಟುಗಳಿವೆ.

ಇವತ್ತು ಬೆಳಿಗ್ಗೆ ಕಾಶವ್ವ ಗೋಡೆಯ ಕಡೆ ಮುಖ ಮಾಡಿ ಕುಳಿತು, ಎಡಗೈಯಿಂದ ತಲೆ ಬಾಚಿಕೊಳ್ಳುತ್ತಿದ್ದಳು. ಬಲಗೈಯ ಪಟ್ಟಿ ಬಿಚ್ಚಿದ್ದಾರೆ. ಮುಂಗೈಯ ಚರ್ಮ ನನ್ನ ಮೈಯಂತೆ ನುಣ್ಣಗೆ ಹೊಳೆಯುತ್ತದೆ. ಫಕೀರವ್ವ ನಿನ್ನೆಯ ಹಾಲಿನ ಪಾತ್ರೆಯ ಮುಚ್ಚಳ ತೆಗೆದಳು. ಬಗ್ಗಿ ನೋಡಿದಳು. ಪಾತ್ರೆಯನ್ನು ಅಕ್ಕನ ಪಕ್ಕಕ್ಕೆ ತಂದು ನಿಂತಳು.

"ಅಕ್ಕಾ, ಹಾಲು ಕೆಟ್ಟೈತೇನ್ ನೋಡ."

ಬಾಚಣಿಗೆ ಒಮ್ಮೆ ನಿಂತಿತು. ಮತ್ತೆ ಮೇಲಿನಿಂದ ಕೆಳಕ್ಕೆ ಇಳಿಯಿತು. ಫಕೀರವ್ವ ಪಾತ್ರೆಯನ್ನು ಇನ್ನೂ ಸ್ವಲ್ಪ ಹತ್ತಿರ ಹಿಡಿದಳು.

"ಒಂದ್ ಸಲ ಮೂಸಿ ಹೇಳ, ಅಕ್ಕಾ."